ಮುಖದ ಚೀಟಿ

ನನ್ನ ಚೀಟಿಯಲ್ಲಿ ಏನು ಬರೆದಿದೆ ಎಂದು ಈ ಊರಿನಲ್ಲಿ ಇಬ್ಬರಿಗೆ ಮಾತ್ರ ಗೊತ್ತಿತ್ತು. ಒಬ್ಬಳು ನಾನು, ಇನ್ನೊಬ್ಬಳು ನಮ್ಮ ಅವ್ವ. ಮೂರನೆಯವನು ಅಪ್ಪ, ಅವನು ತೀರಿಕೊಂಡು ಆರು ವರ್ಷವಾಯಿತು. ಕಟ್ಟಿಕೊಂಡ ಗಂಡನಿಗೂ ನಾನು ಹೇಳಿರಲಿಲ್ಲ. ಹೆಣ್ಣು ನೋಡಲು ಬಂದವರು ಜಾತಕದ ಮಾತು ಮುಗಿದ ಮೇಲೆ, "ಹುಡುಗಿ ಚೀಟಿ ಎಲ್ಲೀದು?" ಎಂದು ಕೇಳಿದರು. ಅಪ್ಪ ಕಣ್ಣು ಮಿಟುಕಿಸದೆ "ಬಲ ಹಿಮ್ಮಡಿ" ಎಂದ. ಅವರಿಗೆ ಸಮಾಧಾನವಾಯಿತು. ಅವರ ಹುಡುಗನದು ಎಡ ಮೊಣಕೈ. ಪಾಪದ ಮನುಷ್ಯ, ಹನ್ನೊಂದು ವರ್ಷದಿಂದ ನಾನು ಬಲ ಹಿಮ್ಮಡಿಯವಳು ಎಂದೇ ನಂಬಿಕೊಂಡು ಸಂಸಾರ ಮಾಡುತ್ತಿದ್ದರು.

ನಮ್ಮ ಊರಿನಲ್ಲಿ ಚರ್ಮದ ಡಾಕ್ಟರನ್ನು ಕಾಣಬೇಕಾದರೆ ಮೂವತ್ತನಾಲ್ಕು ವರ್ಷ ಕಾಯಬೇಕು. ಒಂದು ದಿನ ಹೆಚ್ಚಿಲ್ಲ, ಒಂದು ದಿನ ಕಡಿಮೆಯಿಲ್ಲ. ಡಾಕ್ಟರುಗಳು ಬರುತ್ತಾರೆ, ಹೋಗುತ್ತಾರೆ, ಸರದಿ ಮಾತ್ರ ಹಾಗೆಯೇ ಇರುತ್ತದೆ. ಪಕ್ಕದ ಊರಿಗೆ ಹೋಗಬಾರದೇ ಎಂದು ಕೇಳಬೇಡಿ. ನಮ್ಮಲ್ಲಿಂದ ಬೆಳಿಗ್ಗೆ ಹೊರಡುವ ಬಸ್ಸು ಸಂಜೆ ಹೊತ್ತಿಗೆ ನಮ್ಮ ಊರಿಗೇ ಬಂದು ಸೇರುತ್ತದೆ, ನಡುವೆ ಎಲ್ಲೂ ನಿಲ್ಲುವುದಿಲ್ಲ. ಹಾಗಾಗಿ ಮಗುವಿಗೆ ಹೆಸರಿಟ್ಟ ಮಾರನೆಯ ದಿನವೇ ಅದನ್ನು ಎತ್ತಿಕೊಂಡು ಚರ್ಮದ ಆಫೀಸಿಗೆ ಹೋಗಿ ಹೆಸರು ಬರೆಸುತ್ತೇವೆ. ಅಲ್ಲಿ ಗುಮಾಸ್ತರು ಎರಡು ಪ್ರಶ್ನೆ ಕೇಳುತ್ತಾರೆ. ಎಲ್ಲಿ, ಏನು. ಎಲ್ಲಿ ಅಂದರೆ ಮೈಯ ಯಾವ ಜಾಗ. ಏನು ಅಂದರೆ ಅಲ್ಲಿ ಏನು ತೊಂದರೆ. ಎರಡನ್ನೂ ದೊಡ್ಡ ಪುಸ್ತಕದಲ್ಲಿ ಬರೆದುಕೊಂಡು, ಜಾಗ ಮಾತ್ರ ಬರೆದ ಒಂದು ಚೀಟಿಯನ್ನು ನಮ್ಮ ಕೈಗೆ ಕೊಡುತ್ತಾರೆ. ಮೂವತ್ತನಾಲ್ಕು ವರ್ಷದ ಮೇಲೆ ಡಾಕ್ಟರು ಆ ಜಾಗವನ್ನಷ್ಟೇ ನೋಡುತ್ತಾರೆ. ಚೀಟಿಯಲ್ಲಿ ಮೊಣಕೈ ಎಂದಿದ್ದರೆ, ನಿಮ್ಮ ಬೆನ್ನಿನ ತುಂಬ ಗಜಕರ್ಣ ಹಬ್ಬಿದ್ದರೂ, ಮೊಣಕೈ ನೋಡಿ ಕಳಿಸುತ್ತಾರೆ. ಆ ದಿನ ಹೋಗದಿದ್ದರೆ ಹೆಸರು ಸಾಲಿನ ಕೊನೆಗೆ ಬೀಳುತ್ತದೆ, ಅಲ್ಲಿಂದ ಮತ್ತೆ ಮೂವತ್ತನಾಲ್ಕು.

ಹನ್ನೆರಡು ದಿನದ ಮಗುವಿಗೆ ಮುಂದೆ ಎಲ್ಲಿ ಏನಾಗುತ್ತದೆ ಎಂದು ಯಾವ ತಾಯಿಗೆ ಗೊತ್ತಿರುತ್ತದೆ? ಬರೆಸಿದ್ದು ಬಂದೇ ಬರುತ್ತದೆ ಎಂಬ ಹೆದರಿಕೆ ಬೇರೆ. ಅದಕ್ಕೇ ಎಲ್ಲರೂ, ಬಂದರೂ ಮಗುವಿಗೆ ತೊಂದರೆಯಾಗದಂಥ ಜಾಗ ಹುಡುಕುತ್ತಾರೆ. ಹಿಮ್ಮಡಿ, ಮೊಣಕೈ, ಕಿವಿಯ ಹಿಂದೆ, ಧೈರ್ಯವಂತರು ಬೆನ್ನು. ಏನು ಎಂಬ ಪ್ರಶ್ನೆಗೆ ಊರಿಗೆಲ್ಲ ಒಂದೇ ಉತ್ತರ, ತುರಿಕೆ. ನಾನೂ ನನ್ನ ಮಗನನ್ನು ಎತ್ತಿಕೊಂಡು ಹೋಗಿ, ಎಡ ಹಿಮ್ಮಡಿ, ತುರಿಕೆ ಎಂದು ಬರೆಸಿ, ದಾರಿಯಲ್ಲಿ ಸೊಪ್ಪು ಕೊಂಡು ಮನೆಗೆ ಬಂದವಳೇ.

ಆದರೆ ಮೈಗೆ ಪುಸ್ತಕ ಓದಲು ಬರುವುದಿಲ್ಲ. ಹಿಮ್ಮಡಿ ಬರೆಸಿದವನಿಗೆ ಕಂಕುಳಲ್ಲಿ ಹುಣ್ಣಾಗುತ್ತದೆ, ಬೆನ್ನು ಬರೆಸಿದವಳ ಬೆರಳುಸಂದಿ ಬಿರಿಯುತ್ತದೆ. ಆಗ ಚೀಟಿ ಅದಲುಬದಲು ಮಾಡಿಕೊಳ್ಳಬೇಕು. ಚೀಟಿ ಯಾರ ಕೈಯಲ್ಲಿದೆಯೋ ಸರದಿ ಅವರದು. ಸುಮ್ಮನೆ ಕೊಡುವಂತಿಲ್ಲ, ಒಂದು ಜಾಗಕ್ಕೆ ಇನ್ನೊಂದು ಜಾಗ ಕೊಡಲೇಬೇಕು. ನಮ್ಮದು ಹಿಟ್ಟಿನ ಗಿರಣಿ. ರಾಗಿ, ಅಕ್ಕಿ, ಮೆಣಸಿನಕಾಯಿ ತಂದವರು ಹಿಟ್ಟಾಗುವವರೆಗೆ ಹೊರಗಿನ ಕಲ್ಲುಬೆಂಚಿನ ಮೇಲೆ ಕೂರುತ್ತಾರೆ. ಕೂತವರಿಗೆ ಬಾಯಿ ಸುಮ್ಮನಿರುವುದಿಲ್ಲ. "ನಂದು ಎಡ ಮೊಣಕೈ ಐತೆ, ಬರೋ ವರ್ಷ, ಯಾರಾದ್ರೂ ಹೊಟ್ಟೆ ಕೊಡ್ತೀರಾ?" ಎಂದು ಒಬ್ಬ ಕೇಳಿದರೆ, "ಹೊಟ್ಟೆ ನಮ್ಮ ಭಾವಮೈದನ ಹತ್ರ ಇರಬೇಕು" ಎಂದು ಇನ್ನೊಬ್ಬ. ಯಾರ ಹತ್ತಿರ ಯಾವ ಜಾಗ, ಯಾವ ವರ್ಷದ್ದು ಎಂದು ನೆನಪಿಟ್ಟುಕೊಳ್ಳುವುದು ನನಗೆ ಹೇಗೋ ಅಂಟಿಕೊಂಡಿತು. ಈಗ ಇಡೀ ಊರಿಗೆ ನಾನೇ. ದಾಕ್ಷಾಯಿಣಿಯನ್ನು ಕೇಳಿದರೆ ಸಿಗುತ್ತದೆ ಎಂದು ಜನ ಬರುತ್ತಾರೆ. ನೆತ್ತಿ ಕೊಡಿಸಿದ್ದೇನೆ, ಅಂಗಾಲು ಕೊಡಿಸಿದ್ದೇನೆ, ಒಬ್ಬ ಮುದುಕನಿಗೆ ಹೊಕ್ಕುಳ ಹುಡುಕಿ ಕೊಡಲು ಮೂರು ವರ್ಷ ತಿರುಗಿದ್ದೇನೆ.

ಮುಖ ಮಾತ್ರ ಕೊಡಿಸಿರಲಿಲ್ಲ. ಹೆತ್ತ ಮಗುವಿಗೆ ಮುಖ ಎಂದು ಬರೆಸುವ ಎದೆ ಯಾರಿಗಿರುತ್ತದೆ? ಮುಖದ ಚೀಟಿಯೇ ಊರಿನಲ್ಲಿಲ್ಲ ಎಂದು ಎಲ್ಲರೂ ನಂಬಿದ್ದರು. ಮುಖ ಕೇಳಿಕೊಂಡು ವರ್ಷಕ್ಕೆ ಇಬ್ಬರು ಮೂವರು ಬರುತ್ತಿದ್ದರು. "ಇಲ್ಲ ಕಣಪ್ಪ, ಮುಖ ಎಲ್ಲಿಂದ ತರ್ಲಿ" ಎಂದು ನಾನು ಕೈಯಾಡಿಸಿಬಿಡುತ್ತಿದ್ದೆ. ಹಾಗೆ ಹೇಳುವಾಗ ನನ್ನ ಚೀಟಿ ಒಳಮನೆಯ ಟ್ರಂಕಿನಲ್ಲಿ, ರೇಷ್ಮೆ ಸೀರೆಯ ಮಡಿಕೆಯಲ್ಲಿ ಇರುತ್ತಿತ್ತು. ಅದರಲ್ಲಿ ಬರೆದಿದ್ದದ್ದು ಮುಖ.

ಬರೆಸಿದವಳು ಅವ್ವ. ಅಪ್ಪ ಜೊತೆಗೆ ಹೋಗಿದ್ದನಂತೆ. ಅವಳು ಬಾಯಿಬಿಟ್ಟು ಮುಖ ಎಂದಾಗ ಅವನಿಗೆ ನಿಂತ ನೆಲ ಕುಸಿದ ಹಾಗಾಯಿತಂತೆ, ಗುಮಾಸ್ತರು ಕೇಳುತ್ತಿದ್ದ ಮುಂದಿನ ಪ್ರಶ್ನೆಗೂ ನಿಲ್ಲದೆ ಹೊರಗೆ ಬಂದುಬಿಟ್ಟನಂತೆ. ಇದನ್ನು ಅವನೇ ನನಗೆ ಹೇಳಿದ್ದು, ನನಗೆ ಹದಿಮೂರು ವರ್ಷವಾದಾಗ, ಯಾವುದೋ ಮಾತಿಗೆ ಅವ್ವನ ಮೇಲೆ ಸಿಟ್ಟು ಬಂದು. ಹೇಳಿದ್ದನ್ನು ಆಮೇಲೆ ಅವನು ಮರೆತ. ನಾನು ಮರೆಯಲಿಲ್ಲ.

ಯಾಕೆ ಬರೆಸಿದಳು ಎಂದು ನಾನು ಅವಳನ್ನು ಕೇಳಲೇ ಇಲ್ಲ. ಕೇಳುವುದು ಏನಿತ್ತು, ಅವಳ ಮುಖ ನೋಡಿದರೆ ಗೊತ್ತಾಗುತ್ತಿತ್ತಲ್ಲ. ನಮ್ಮ ಅವ್ವ ಮುದ್ದವೀರಮ್ಮನ ಎಡಗೆನ್ನೆಯ ಮೇಲೆ ಅಂಗೈಯಗಲ ಕಪ್ಪು ಕಲೆ ಇದೆ. ಬರೀ ಕಲೆಯಲ್ಲ, ಒರಟು, ದಪ್ಪ, ಸೆಕೆ ಬಂದರೆ ಕೆರೆತ. ಹದಿನೆಂಟಕ್ಕೆ ಬಂದದ್ದು. ಅವಳು ಯಾವಾಗಲೂ ತಲೆಯ ಮೇಲಿನ ಸೆರಗನ್ನು ಎಡಕ್ಕೆ ಎಳೆದುಕೊಂಡು ಹಲ್ಲಿನಲ್ಲಿ ಕಚ್ಚಿಕೊಂಡಿರುತ್ತಾಳೆ, ಮನೆಯಲ್ಲೂ. ಅವಳ ಚೀಟಿ ಹಿಮ್ಮಡಿಯದು. ಅವಳ ಸರದಿ ಬಂದಾಗ ನನಗೆ ಹತ್ತು ವರ್ಷ. ಅವಳು ಹೋಗಲಿಲ್ಲ. ಹೆಸರು ಕೊನೆಗೆ ಬಿತ್ತು, ಇನ್ನು ಅವಳ ಅರವತ್ತೆಂಟನೇ ವಯಸ್ಸಿಗೆ. ಇದನ್ನೆಲ್ಲ ಕೂಡಿಸಿಕೊಂಡು ನಾನು ಹದಿಮೂರನೇ ವಯಸ್ಸಿನಲ್ಲೇ ತೀರ್ಮಾನಕ್ಕೆ ಬಂದಿದ್ದೆ. ಅವ್ವ ತನ್ನ ಹಿಮ್ಮಡಿಯನ್ನು ಉಳಿಸಿಕೊಂಡದ್ದೇ ನನ್ನ ಮುಖದ ಜೊತೆ ಬದಲು ಮಾಡಿಕೊಳ್ಳಲು. ತನ್ನ ಕೆನ್ನೆಗಾಗಿ ಹೆತ್ತ ಮಗಳ ಮುಖವನ್ನೇ ಪಣಕ್ಕಿಟ್ಟಳು. ದಿನಾ ಬೆಳಿಗ್ಗೆ ಅವಳು ನನ್ನ ಗದ್ದ ಹಿಡಿದು ಬೆಳಕಿಗೆ ತಿರುಗಿಸಿ ನೋಡುತ್ತಿದ್ದಳು, ಮದುವೆಯಾಗಿ ಮಗ ಹುಟ್ಟಿದ ಮೇಲೂ, ಅಪ್ಪ ಹೋಗಿ ಅವಳು ನಮ್ಮ ಮನೆಗೇ ಬಂದ ಮೇಲೂ. ನನಗೆ ಮೈ ಉರಿಯುತ್ತಿತ್ತು.

ಅಷ್ಟಾದರೂ ಚೀಟಿಯನ್ನು ಅವಳಿಗೇ ಕೊಡಬೇಕೆಂದು ನಾನು ಇಟ್ಟುಕೊಂಡಿದ್ದೆ. ಇದಕ್ಕೆ ನೀವು ನಕ್ಕರೂ ಸರಿ. ಸಿಟ್ಟು ಸಿಟ್ಟೇ, ಅವ್ವ ಅವ್ವನೇ. ಸೆಕೆಗಾಲದಲ್ಲಿ ಅವಳು ಕೆನ್ನೆಗೆ ಒದ್ದೆ ಬಟ್ಟೆ ಒತ್ತಿಕೊಂಡು ಗೋಡೆಯ ಕಡೆ ಮುಖ ಮಾಡಿ ಕೂರುವುದನ್ನು ನಾನು ಚಿಕ್ಕಂದಿನಿಂದ ನೋಡಿದ್ದೇನೆ. ಕೊಡುವಾಗ ಹೇಳಬೇಕಾದ ಮಾತನ್ನೂ ಸಿದ್ಧ ಮಾಡಿಕೊಂಡಿದ್ದೆ. ತಗೋ, ನಿನಗೋಸ್ಕರ ತಾನೇ ಬರೆಸಿದ್ದು. ಇಷ್ಟೇ. ಪಾತ್ರೆ ತೊಳೆಯುವಾಗ, ಹಿಟ್ಟು ಜರಡಿ ಹಿಡಿಯುವಾಗ, ಎಷ್ಟು ಸಲ ಈ ಮಾತನ್ನು ಒಳಗೊಳಗೇ ಹೇಳಿಕೊಂಡೆನೋ ಲೆಕ್ಕವಿಲ್ಲ. ನನ್ನ ಸರದಿ ಈ ಶ್ರಾವಣದ ಎರಡನೇ ಗುರುವಾರ.

ಸಂಕ್ರಾಂತಿ ಕಳೆದ ವಾರ ಜೈತುನ್ ಬಂದಳು. ಗಿರಣಿಯ ಎದುರು ಸಾಲಿನಲ್ಲಿ ಬಟ್ಟೆ ಹೊಲಿಯುವವಳು, ಇಪ್ಪತ್ತೇಳು ವರ್ಷ. ಊರಿನ ಹೆಂಗಸರ ರವಿಕೆ ಅಷ್ಟೂ ಅವಳ ಕೈಯದೇ, ಅಳತೆ ತಪ್ಪಿದ್ದು ಒಂದಿಲ್ಲ. ಅವಳ ಬಲಗಣ್ಣಿನ ಕೆಳರೆಪ್ಪೆಗೆ ತಾಗಿಕೊಂಡು ಒಂದು ಗಂಟು ಎದ್ದಿತ್ತು, ರಾಗಿಕಾಳಿನಷ್ಟು. "ದಾಕ್ಷಕ್ಕ, ನಂದು ಬಲ ಹಿಮ್ಮಡಿ, ಇನ್ನೂ ಏಳು ವರ್ಷ ಇದೆ. ಒಂದು ಮುಖ ಬೇಕಿತ್ತು" ಎಂದಳು. ಸೊಪ್ಪು ಕೇಳಿದ ಹಾಗೆ ಕೇಳಿದಳು. ನಾನು ಎಂದಿನ ಹಾಗೆ ಇಲ್ಲ ಎಂದೆ. "ಸಿಕ್ಕಿದ್ರೆ ಹೇಳಿ" ಎಂದು ಹೋದಳು.

ಯುಗಾದಿ ಹೊತ್ತಿಗೆ ಅದು ಹುಣಸೆಬೀಜದಷ್ಟಾಗಿ ರೆಪ್ಪೆ ಮೇಲಕ್ಕೆ ಒತ್ತುತ್ತಿತ್ತು. ಆಷಾಢಕ್ಕೆ ಕಣ್ಣು ಅರ್ಧ ಮುಚ್ಚಿಕೊಂಡಿತು. ಸೂಜಿಗೆ ದಾರ ಪೋಣಿಸಲು ಅವಳು ದಾರಿಯಲ್ಲಿ ಹೋಗುವವರನ್ನು ಕರೆಯುತ್ತಿದ್ದಳು. ಬುಧವಾರ ಬುಧವಾರ ಗಿರಣಿಗೆ ಬಂದು, ಕಾಳಿಲ್ಲದಿದ್ದರೂ ಬೆಂಚಿನ ಮೇಲೆ ಅರ್ಧ ಗಂಟೆ ಕೂತು, ಬಂದವರನ್ನೆಲ್ಲ ಮುಖ ಇದೆಯಾ ಎಂದು ಕೇಳಿ ಹೋಗುತ್ತಿದ್ದಳು. ನನ್ನನ್ನು ಮತ್ತೆ ಕೇಳುತ್ತಿರಲಿಲ್ಲ. ದಾಕ್ಷಕ್ಕನ ಹತ್ತಿರ ಇದ್ದಿದ್ದರೆ ಹೇಳದೆ ಇರುತ್ತಾರೆಯೇ ಎಂಬ ನಂಬಿಕೆ. ಅವಳು ಬಂದಾಗಲೆಲ್ಲ ನಾನು ಒಳಗೆ ಹೋಗಿ ಮೆಷಿನ್ನಿನ ಪಕ್ಕ ನಿಲ್ಲುತ್ತಿದ್ದೆ, ಮುಖಕ್ಕೆಲ್ಲ ಹಿಟ್ಟು ಹಾರಿದರೂ. ನನ್ನ ಮೇಲೆ ನನಗೇ ಅಸಹ್ಯವಾಗುತ್ತಿತ್ತು. ಆದರೂ ಅವ್ವನ ಕೆನ್ನೆಯನ್ನು ನೆನೆಸಿಕೊಂಡು ಬಾಯಿ ಬಿಗಿ ಹಿಡಿದೆ.

ಸರದಿಗೆ ಹತ್ತು ದಿನ ಇರುವಾಗ, ಮಧ್ಯಾಹ್ನ ಊಟವಾದ ಮೇಲೆ ಅವ್ವ ಅವರೆಕಾಯಿ ಬಿಡಿಸುತ್ತ ಕೂತಿದ್ದಳು. ರವಿಕೆ ಅಳತೆ ಕೊಡಲು ಅವತ್ತು ಬೆಳಿಗ್ಗೆ ಜೈತುನ್‌ಳ ಅಂಗಡಿಗೆ ಹೋಗಿ ಬಂದಿದ್ದಳು.

"ಆ ಹುಡುಗಿ ಕಣ್ಣು ಹೋಗ್ತದೆ ಕಣೇ" ಎಂದಳು ಅವ್ವ, ಅವರೆಕಾಯಿಯಿಂದ ತಲೆಯೆತ್ತದೆ. "ಅಳತೆ ಪಟ್ಟಿ ಮೂಗಿನ ಹತ್ರ ಹಿಡ್ಕೊಂಡು ನೋಡ್ತಾಳೆ. ನಿನ್ನ ಚೀಟಿ ಅವಳಿಗೆ ಕೊಟ್ಟುಬಿಡು."

ಇಷ್ಟು ವರ್ಷ ಕಾದು ಇಟ್ಟದ್ದನ್ನು ಕಡಲೆಕಾಯಿ ಕೊಡು ಎಂದ ಹಾಗೆ ಹೇಳುತ್ತಾಳಲ್ಲ. ಒಳಗೆ ಹೋಗಿ ಟ್ರಂಕು ತೆಗೆದು ಚೀಟಿ ತಂದು ಅವಳ ಮಡಿಲಿಗೆ, ಅವರೆಸಿಪ್ಪೆಯ ಮೇಲೆ ಎಸೆದೆ. "ತಗೋ, ನಿನಗೋಸ್ಕರ ತಾನೇ ಬರೆಸಿದ್ದು" ಎಂದೆ. ಅಂತೂ ಅಂದುಬಿಟ್ಟೆ. ಅಂದ ಮೇಲೆ ಹಗುರವಾಗುತ್ತದೆ ಎಂದುಕೊಂಡಿದ್ದೆ, ಹಾಗೇನೂ ಆಗಲಿಲ್ಲ.

ಅವ್ವ ಚೀಟಿಯನ್ನು ನೋಡಿದಳು, ನನ್ನನ್ನು ನೋಡಿದಳು. "ನನಗೋಸ್ಕರವಾ?" ಎಂದಳು. ಅವಳಿಗೆ ನಿಜವಾಗಿಯೂ ಅರ್ಥವಾಗಿರಲಿಲ್ಲ. ನಾನು ಎಲ್ಲವನ್ನೂ ಹೇಳಿದೆ. ಅವಳು ತನ್ನ ಸರದಿಗೆ ಹೋಗದೆ ಹಿಮ್ಮಡಿ ಉಳಿಸಿಕೊಂಡದ್ದು, ದಿನಾ ನನ್ನ ಗದ್ದ ಹಿಡಿದು ಪರೀಕ್ಷೆ ಮಾಡುವುದು, ಅಪ್ಪ ಹೇಳಿದ್ದು, ಎಲ್ಲ. ಅವಳು ಕೇಳುತ್ತ ಕೇಳುತ್ತ ಕಚ್ಚಿಕೊಂಡಿದ್ದ ಸೆರಗನ್ನು ಬಿಟ್ಟಳು.

"ನನಗೆ ಇದು ಬಂದಾಗ ಹದಿನೆಂಟು" ಎಂದಳು. "ನಾಲ್ಕು ವರ್ಷ ನಿಮ್ಮ ಗಿರಣಿ ಮುಂದಿನ ಇದೇ ಬೆಂಚಿನ ಮೇಲೆ ಕೂತು ಕೇಳಿದೀನಿ. ಮುಖ ಇದೆಯಾ, ಮುಖ ಇದೆಯಾ ಅಂತ. ಊರೆಲ್ಲ ಹಿಮ್ಮಡಿ, ಊರೆಲ್ಲ ಮೊಣಕೈ. ಒಂದು ಮುಖ ಇರ್ಲಿಲ್ಲ. ನನ್ನ ಹಿಮ್ಮಡಿ ಬಿಟ್ಟು ಹೊಸದಾಗಿ ಮುಖ ಅಂತ ಬರೆಸ್ಬಹುದಿತ್ತು. ಬರೆಸಿದ್ರೆ ಐವತ್ತೆರಡಕ್ಕೆ ಬರ್ತಿತ್ತು. ಹದಿನೆಂಟರಲ್ಲಿ ಐವತ್ತೆರಡು ಅಂದ್ರೆ ಯಾರು ಬದುಕಿರ್ತಾರೆ ಅನ್ನಿಸ್ತು ಕಣೇ. ಈಗ ನೋಡು, ಐವತ್ತೆಂಟಾಯ್ತು, ಗುಂಡುಕಲ್ಲಿನ ಹಾಗಿದ್ದೀನಿ."

ಅವಳು ಒಂದು ಅವರೆಕಾಯಿ ಬಿಡಿಸಿ ಮೊರಕ್ಕೆ ಹಾಕಿದಳು.

"ನಮ್ಮವ್ವನಿಗೂ ಇತ್ತು ಇದು. ನನಗೂ ಬಂತು. ನೀನು ಹುಟ್ಟಿದೆ. ನಿನಗೂ ಬಂದ್ರೆ ಏನು ಮಾಡ್ಲಿ? ನನ್ನ ಹಾಗೆ ಬೆಂಚಿನ ಮೇಲೆ ಕೂತು ಬಂದೋರು ಹೋದೋರನ್ನೆಲ್ಲ ಕೇಳ್ತಿರಬೇಕಾ ನೀನು? ಅದಕ್ಕೇ ಮುಖ ಅಂದೆ. ಅಂದ ಮೇಲೆ ಹೆದರಿಕೆ ಆಯ್ತು, ಬರೆಸಿದ್ದಕ್ಕೇ ಬಂದುಬಿಟ್ರೆ ಅಂತ. ಬಂತಾ ಬಂತಾ ಅಂತ ದಿನಾ ನೋಡ್ತಿದ್ದೆ. ನಿನಗೆ ಉರಿ ಹತ್ತೋದು ಗೊತ್ತಾಗ್ತಿತ್ತು. ನೋಡದೆ ಇರೋಕೆ ಆಗ್ತಿರ್ಲಿಲ್ಲ."

"ಮತ್ತೆ ನಿನ್ನ ಸರದಿಗೆ ಯಾಕೆ ಹೋಗ್ಲಿಲ್ಲ?"

"ಹೋಗಿ? ಈ ಮುಖ ಇಟ್ಕೊಂಡು ಅವರ ಮುಂದೆ ಕೂರಬೇಕು, ಅವರು ಬಗ್ಗಿ ಹಿಮ್ಮಡಿ ನೋಡಿ ಚೆನ್ನಾಗಿದೆ ಹೋಗಮ್ಮ ಅನ್ನಬೇಕು. ಅದು ನನ್ನ ಕೈಲಿ ಆಗ್ತಿರ್ಲಿಲ್ಲ."

ನನಗೆ ನಾಚಿಕೆಯಾಯಿತು. ಇಪ್ಪತ್ತೊಂದು ವರ್ಷ ಒಂದು ಪ್ರಶ್ನೆ ಕೇಳದೆ ಈ ಹೆಂಗಸಿನ ಮೇಲೆ ಹಲ್ಲು ಕಡಿದೆನಲ್ಲ, ಕೇಳಿದ್ದರೆ ಅವರೆಕಾಯಿ ಬಿಡಿಸುವಷ್ಟು ಹೊತ್ತಿನಲ್ಲಿ ಮುಗಿಯುತ್ತಿತ್ತಲ್ಲ. "ಹಾಗಾದ್ರೆ ಈಗಲಾದ್ರೂ ನೀನೇ ತಗೋ. ನಾನು ನಿನಗೇ ಅಂತ ಇಟ್ಟಿದ್ದು" ಎಂದೆ. ಅವಳು ಬೇಡ ಎಂದು ತಲೆಯಾಡಿಸಿದಳು. "ನಂದು ಬರೀ ಮುಖ. ಅವಳದು ಕಣ್ಣು." ಚೀಟಿಯನ್ನು ನನ್ನ ಕೈಗಿಟ್ಟು, ಮತ್ತೆ ಅವಳೇ, "ಆದ್ರೆ ದಾಕ್ಷಿ, ಕೊಟ್ಟ ಮೇಲೆ ನಿನಗೆ ಬಂದ್ರೆ?" ಎಂದು ಕೇಳಿದಳು.

"ಬಂದ್ರೆ ಬರ್ಲಿ. ನಿನ್ನ ಹಾಗೆ ಇರ್ತೀನಿ" ಎಂದೆ. ಅವ್ವ ಅವರೆಕಾಯಿಯ ಮೊರವನ್ನು ನನ್ನ ಕಡೆ ತಳ್ಳಿದಳು, ಉಳಿದದ್ದನ್ನು ಇಬ್ಬರೂ ಬಿಡಿಸಿದೆವು.

ಸಂಜೆ ಜೈತುನ್‌ಳ ಅಂಗಡಿಗೆ ಹೋದೆ. ಅವಳು ಚೀಟಿಯನ್ನು ಎಡಗಣ್ಣಿನ ಹತ್ತಿರ ಹಿಡಿದು ಓದಿದಳು, ಎರಡು ಸಲ. "ಯಾರದ್ದು ಇದು?" ಎಂದಳು. ನಂದು ಎಂದೆ. "ಯಾವಾಗ್ಲಿಂದ ಇದೆ?" ಹುಟ್ಟಿದಾಗಿನಿಂದ ಎಂದೆ. ಅವಳು ಮೆಷಿನ್ನಿನ ಚಕ್ರದ ಮೇಲೆ ಕೈಯಿಟ್ಟುಕೊಂಡು ಕೂತಳು. ಬೈದಿದ್ದರೆ ನನಗೆ ಸುಖವಾಗುತ್ತಿತ್ತು. "ಅವ್ವನಿಗೆ ಅಂತ ಇಟ್ಟಿದ್ದೆ ಜೈತುನ್. ಏಳು ತಿಂಗಳು ನಿನಗೆ ಸುಳ್ಳು ಹೇಳಿದೆ" ಎಂದೆ.

"ನಮ್ಮ ಅಮ್ಮಿಗೆ ಆಗಿದ್ರೆ ನಾನೂ ಹೇಳ್ತಿರ್ಲಿಲ್ಲ ಅಕ್ಕ" ಎಂದಳು ಅವಳು. ಆಮೇಲೆ ತನ್ನ ಹಿಮ್ಮಡಿಯ ಚೀಟಿಯನ್ನು ತೆಗೆದು ನನ್ನ ಕೈಗಿಟ್ಟಳು. ಅಪ್ಪ ಮದುವೆಯ ಮಾತಿನಲ್ಲಿ ಹೇಳಿದ ಸುಳ್ಳು ಕೊನೆಗೂ ನಿಜವಾಗಿ, ನಾನು ಬಲ ಹಿಮ್ಮಡಿಯವಳಾದೆ.

ಶ್ರಾವಣದ ಎರಡನೇ ಗುರುವಾರ ನಾವು ಮೂವರೂ ಚರ್ಮದ ಆಫೀಸಿಗೆ ಹೋದೆವು. ನಮ್ಮಲ್ಲಿ ಸರದಿಯ ದಿನ ಜನ ಒಳ್ಳೆಯ ಬಟ್ಟೆ ಹಾಕಿಕೊಂಡು ಬರುತ್ತಾರೆ. ನೆಟ್ಟಗಿರುವ ಮೊಣಕೈಗಳಿಗೂ ಎಣ್ಣೆ ಹಚ್ಚಿಕೊಂಡು ಬರುತ್ತಾರೆ. ಬೆಂಚುಗಳ ತುಂಬ ಅಂಥವರೇ ಕೂತಿದ್ದರು. ಒಬ್ಬೊಬ್ಬರು ಒಳಗೆ ಹೋಗಿ, ಚೆನ್ನಾಗಿದೆ ಎನ್ನಿಸಿಕೊಂಡು, ನಗುತ್ತ ಹೊರಗೆ ಬರುತ್ತಿದ್ದರು. ಗುಮಾಸ್ತರು ಚನ್ನಕೇಶವಯ್ಯ. ಮೊದಲು ಅವರ ತಂದೆ ಅದೇ ಕುರ್ಚಿಯಲ್ಲಿದ್ದರು. ಆಯಾ ದಿನದ ಹಾಳೆಯನ್ನು ಆಯಾ ದಿನವೇ ತೆರೆಯುವುದು ಅಲ್ಲಿನ ಪದ್ಧತಿ, ಅದಕ್ಕೆ ಮುಂಚೆ ಯಾರೂ ನೋಡುವಂತಿಲ್ಲ.

"ಬಾಗಿಲ ಹತ್ರ ನಿಲ್ಲಬೇಡಿ" ಎಂದು ಗದರಿಸಿ ಅವರು ಓದಿದರು. "ದಾಕ್ಷಾಯಿಣಿ. ಚೀಟಿ ಬದಲು, ಜೈತುನ್‌ಬಿ. ಜಾಗ, ಮುಖ." ಎಣ್ಣೆ ಹಚ್ಚಿದ ಮೊಣಕೈಯವರೆಲ್ಲ ನಮ್ಮ ಕಡೆ ತಿರುಗಿದರು. ಚನ್ನಕೇಶವಯ್ಯ ಮುಂದಿನದನ್ನು ಓದಲು ಬಾಯಿ ತೆರೆದವರು ಮುಚ್ಚಿದರು. ಕನ್ನಡಕ ತೆಗೆದು ಒರೆಸಿ ಹಾಕಿಕೊಂಡರು. ಪುಸ್ತಕವನ್ನು ಕಿಟಕಿಯ ಕಡೆ ಎಳೆದುಕೊಂಡರು.

"ತೊಂದರೆ" ಎಂದು ಓದಿದರು, "ಏನೂ ಇಲ್ಲ. ಮುಖ ಚೆನ್ನಾಗಿದೆ."

ಯಾರೋ ಕಿಸಕ್ಕನೆ ನಕ್ಕರು. ಚನ್ನಕೇಶವಯ್ಯ ನಗಲಿಲ್ಲ. "ನಮ್ಮ ತಂದೆಯವರ ಕೈಬರಹ ಇದು. ಏನಮ್ಮ ಇದು, ಏನು ಬರೆಸಿದ್ದೀರಿ?" ಎಂದು ಅವ್ವನನ್ನು ಕೇಳಿದರು.

ಅವ್ವ ಸೆರಗನ್ನು ಇನ್ನಷ್ಟು ಎಳೆದುಕೊಂಡಳು. "ಅವರು ಏನು ತೊಂದರೆ ಅಂತ ಕೇಳಿದ್ರು ಸ್ವಾಮಿ. ನನ್ನ ತೊಡೆ ಮೇಲೆ ಮಲಗಿತ್ತು ಕೂಸು. ನೋಡಿದೆ. ಏನೂ ಇರ್ಲಿಲ್ಲ. ಚೆನ್ನಾಗಿತ್ತು. ಇದ್ದಿದ್ದನ್ನ ಹೇಳಿದೆ."

"ಎಲ್ಲರೂ ತುರಿಕೆ ಅಂತ ಬರೆಸ್ತಾರಲ್ಲಮ್ಮ."

"ಬಾಯಿ ಬರ್ಲಿಲ್ಲ ಸ್ವಾಮಿ."

ನಾನು ಕೌಂಟರಿನ ಕಟ್ಟೆ ಹಿಡಿದುಕೊಂಡೆ. ಇಡೀ ಊರು ತನ್ನ ಮಕ್ಕಳಿಗೆಲ್ಲ ತುರಿಕೆ ಬರೆಸಿದೆ. ನಾನೂ ಬರೆಸಿದ್ದೇನೆ, ಎರಡನೇ ಯೋಚನೆಯಿಲ್ಲದೆ. ಇವಳೊಬ್ಬಳು, ಕೆನ್ನೆ ಉರಿಯುವ ಇವಳು, ಜಾಗ ಹೇಳಿ ತೊಂದರೆ ಹೇಳಲು ಬಾಯಿ ಬಾರದೆ ಕೂತಿದ್ದಳು. ಅಳು ಬಂತು, ತಡೆಯಲಿಲ್ಲ, ಅತ್ತೆ.

ಆದರೆ ಚನ್ನಕೇಶವಯ್ಯ ಪೆನ್ನಿಗೆ ಟೋಪಿ ಹಾಕಿದರು. "ತೊಂದರೆ ಇಲ್ಲ ಅಂತ ಪುಸ್ತಕದಲ್ಲಿ ಬರೆದ ಮೇಲೆ ಡಾಕ್ಟರು ಏನನ್ನ ನೋಡೋದು? ಒಳಗೆ ಬಿಡೋಕೆ ಬರೋಲ್ಲ. ರೂಲ್ಸಿನಲ್ಲಿಲ್ಲ" ಎಂದರು. ಜೈತುನ್ ಎದ್ದು ನಿಂತಿದ್ದವಳು ಮೆಲ್ಲಗೆ ಕೂತಳು. "ಹೋಗ್ಲಿ ಬಿಡಿ ಅಕ್ಕ" ಎಂದಳು. ಅವ್ವ ನನ್ನ ತೋಳು ಹಿಡಿದುಕೊಂಡು, "ನನ್ನಿಂದ ಆಯ್ತಲ್ಲೇ, ಒಂದು ತುರಿಕೆ ಅಂದಿದ್ರೆ ಆಗ್ತಿತ್ತು, ನನ್ನಿಂದ ಅವಳ ಕಣ್ಣು ಹೋಯ್ತಲ್ಲೇ" ಎನ್ನುತ್ತಿದ್ದಳು.

ಆಗ ನಾನು ಬಾಯಿ ಮಾಡಿದೆ. ಗಿರಣಿಯ ಸದ್ದಿನ ನಡುವೆ ಮಾತಾಡಿ ಪಳಗಿದ ಬಾಯಿ ನನ್ನದು. ಕಣ್ಣೆದುರಿಗೆ ರೆಪ್ಪೆ ಮುಚ್ಚಿಸುವಷ್ಟು ದೊಡ್ಡ ಗಂಟು ಕಾಣುವಾಗ ಪುಸ್ತಕ ನೋಡುತ್ತೀರಲ್ಲ, ನಿಮ್ಮ ಮನೆಯ ಹೆಣ್ಣುಮಗಳಾಗಿದ್ದರೆ ಹೀಗೇ ಟೋಪಿ ಹಾಕುತ್ತಿದ್ದಿರಾ ಪೆನ್ನಿಗೆ, ಎಂದೆಲ್ಲ ಕೂಗಾಡಿದೆ. ಸದ್ದಿಗೆ ಒಳಗಿನಿಂದ ಡಾಕ್ಟರಮ್ಮ ಹೊರಗೆ ಬಂದರು. ನಾಲ್ಕು ವರ್ಷದ ಹಿಂದೆ ಬಂದವರು, ನರೆತ ಕೂದಲು, ಸಾವಕಾಶದ ಮನುಷ್ಯೆ. ಯಾರನ್ನೂ ಏನೂ ಕೇಳದೆ ಪುಸ್ತಕವನ್ನು ತಮ್ಮ ಕಡೆ ತಿರುಗಿಸಿಕೊಂಡು ಓದಿದರು. ಆಮೇಲೆ ಜೈತುನ್‌ಳ ಮುಖ ನೋಡಿದರು. ಬಹಳ ಹೊತ್ತು ನೋಡಿದರು. ನಾಲ್ಕು ವರ್ಷದಿಂದ ಅವರು ಹಿಮ್ಮಡಿ ಬಿಟ್ಟರೆ ಮೊಣಕೈ, ಮೊಣಕೈ ಬಿಟ್ಟರೆ ಹಿಮ್ಮಡಿ ನೋಡಿದವರು.

"ಕೇಶವಯ್ಯನವರೇ, ನಮ್ಮ ಪುಸ್ತಕದಲ್ಲಿ ಸುಳ್ಳು ಇರಬಹುದಾ?" ಎಂದು ಕೇಳಿದರು.

"ಛೆ ಛೆ, ಎಲ್ಲಾದರೂ ಉಂಟಾ ಮೇಡಂ. ನಮ್ಮ ತಂದೆಯವರು ಬರೆದದ್ದು."

"ಪುಸ್ತಕದಲ್ಲಿ ಮುಖಕ್ಕೆ ಏನೂ ಇಲ್ಲ, ಚೆನ್ನಾಗಿದೆ ಅಂತ ಇದೆ. ಇಲ್ಲಿ ನೋಡಿದರೆ ಗಂಟು ಇದೆ. ಇವರು ಹೀಗೇ ಎದ್ದು ಮನೆಗೆ ಹೋದರೆ ನಿಮ್ಮ ತಂದೆಯವರು ಬರೆದದ್ದು ಸುಳ್ಳಾಗುತ್ತಲ್ಲ."

ಚನ್ನಕೇಶವಯ್ಯ ಜೈತುನ್‌ಳನ್ನು ನೋಡಿದರು, ಪುಸ್ತಕ ನೋಡಿದರು. ಒಂದು ಕಡೆ ರೂಲ್ಸು, ಇನ್ನೊಂದು ಕಡೆ ತಂದೆಯ ಅಕ್ಷರ. "ಹಾಗಾಗಬಾರದು" ಎಂದರು ಕೊನೆಗೆ. "ಹಾಗಾಗೋಕೆ ಬಿಡಬಾರದು ಮೇಡಂ. ಸರಿಮಾಡಿ ಕಳಿಸಿ." ಪೆನ್ನಿನ ಟೋಪಿ ತೆಗೆದು ಜೈತುನ್‌ಳ ಹೆಸರನ್ನು ಬರೆದುಕೊಂಡು, ಅವಳಿಗೆ ಒಳಗೆ ಹೋಗಲು ಕೈ ತೋರಿಸಿದರು. ಡಾಕ್ಟರಮ್ಮ ಬಾಗಿಲಲ್ಲಿ ಒಂದು ಕ್ಷಣ ನಿಂತು ಅವ್ವನ ಕಡೆ ನೋಡಿದರು. ಅವ್ವನ ಚೀಟಿ ಮುಖದ್ದಲ್ಲ, ಆ ದಿನದ್ದೂ ಅಲ್ಲ. ಅವರು ಒಳಗೆ ಹೋದರು.

ಮುಕ್ಕಾಲು ಗಂಟೆಯಾಯಿತು. ಜೈತುನ್ ಕಣ್ಣಿಗೆ ಬಿಳಿ ಪಟ್ಟಿ ಕಟ್ಟಿಸಿಕೊಂಡು ಹೊರಗೆ ಬಂದು ಗೋಡೆ ಹಿಡಿದು ನಿಂತಳು. ಹಿಂದೆಯೇ ಬಂದ ಡಾಕ್ಟರಮ್ಮ, "ಹತ್ತು ದಿನಕ್ಕೆ ಪಟ್ಟಿ ಬಿಚ್ಚಿ. ಕಣ್ಣಿಗೆ ಏನೂ ಆಗಿಲ್ಲ, ದಾರ ನೀವೇ ಪೋಣಿಸಬಹುದು" ಎಂದರು. ಅವ್ವ ಇದ್ದ ದೇವರಿಗೆಲ್ಲ ಕೈಮುಗಿದಳು. ಜೈತುನ್ ಅವಳ ಪಕ್ಕ ಬಂದು ಕೂತು, ಅವಳ ಭುಜಕ್ಕೆ ತಲೆಯಿಟ್ಟಳು. "ನೋವಾಯ್ತಾ ಮಗ?" ಎಂದು ಅವ್ವ ಕೇಳಿದಳು. "ಇಲ್ಲ ದೊಡ್ಡಮ್ಮ. ಹೆದರಿಕೆ ಆಗಿತ್ತು ಅಷ್ಟೆ" ಎಂದಳು.

ನಾನು ಅವರಿಬ್ಬರನ್ನೂ ಅಲ್ಲೇ ಬಿಟ್ಟು ಚನ್ನಕೇಶವಯ್ಯನವರ ಹತ್ತಿರ ಹೋದೆ. "ಹೊಸ ಹೆಸರು ಬರೆಸಬೇಕು" ಎಂದೆ. ಮಗು ಎಲ್ಲಿ ಎಂದು ಅವರು ನನ್ನ ಹಿಂದೆ ನೋಡಿದರು. "ಮಗು ಅಲ್ಲ, ನಮ್ಮ ಅವ್ವ. ಮುದ್ದವೀರಮ್ಮ. ಹಿಮ್ಮಡಿ ಹೊಡೆದುಹಾಕಿ. ಮುಖ ಅಂತ ಬರ್ಕೊಳ್ಳಿ."

"ಇದ್ದಿದ್ದು ಬಿಟ್ಟು ಹೊಸದು ಅಂದ್ರೆ ಇವತ್ತಿಂದ ಮೂವತ್ತನಾಲ್ಕು ವರ್ಷ ಕಣಮ್ಮ" ಎಂದರು ಅವರು. ಗೊತ್ತು ಎಂದೆ. "ತೊಂದರೆ ಏನು?" ಎಂದು ಕೇಳಿದರು. "ಏನೂ ಇಲ್ಲ, ಮುಖ ಚೆನ್ನಾಗಿದೆ ಅಂತ ಬರೀರಿ" ಎಂದೆ. ಅವರು ನನ್ನನ್ನು ಒಂದು ಸಲ ನೋಡಿ, ತಂದೆಯವರದಷ್ಟೇ ದುಂಡಗಿನ ಅಕ್ಷರದಲ್ಲಿ ಬರೆದುಕೊಂಡರು.

ಅಷ್ಟರಲ್ಲಿ ಅವ್ವ ಎದ್ದು ಬಂದಿದ್ದಳು. ಅವಳಿಗೆ ಕೇಳಿಸಿತ್ತು. "ನಿನಗೇನು ತಲೆ ಕೆಟ್ಟಿದೆಯಾ? ಅಷ್ಟೊತ್ತಿಗೆ ನನಗೆ ತೊಂಬತ್ತೆರಡು. ಅಲ್ಲೀವರೆಗೆ ಯಾರಿರ್ತಾರೆ?" ಎಂದಳು.

"ನೀನಿರಬೇಕು" ಎಂದೆ. "ಸರದಿ ಬರೆಸಾಯ್ತು. ಈ ಸಲ ತಪ್ಪಿಸ್ಕೊಳ್ಳೋ ಹಾಗಿಲ್ಲ."

ಅವ್ವ ಬೈಯಲು ಬಾಯಿ ತೆರೆದಳು. ಚನ್ನಕೇಶವಯ್ಯ ಚೀಟಿ ಹರಿದು ಕೊಟ್ಟರು. ಅವಳು ಅದನ್ನು ತೆಗೆದುಕೊಂಡು, ಓದಲು ಬಾರದಿದ್ದರೂ ಒಂದು ಸಲ ನೋಡಿ, ಮಡಿಸಿ, ಸೆರಗಿನ ತುದಿಗೆ ಗಂಟು ಹಾಕಿಕೊಂಡಳು. "ಆಗ ನಿನಗೆ ಅರವತ್ತೆಂಟು" ಎಂದಳು ಲೆಕ್ಕ ಹಾಕಿ. "ಮೆಟ್ಟಿಲು ಹತ್ತೋವಾಗ ನನ್ನ ಕೈ ಹಿಡ್ಕೊಳ್ಳೋಕೆ ನಿನ್ನ ಮೈಯಲ್ಲಿ ಶಕ್ತಿ ಇರ್ತದಾ?"

"ಹಿಡ್ಕೊಳ್ತೀನಿ" ಎಂದೆ, ಅವಳ ಕೈ ಹಿಡಿದುಕೊಂಡು ಮೆಟ್ಟಿಲಿಳಿದೆ.